ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳು: ಇಂಗ್ಲಿಷ್ ವ್ಯಾಕರಣದ ಒಂದು ಟಿಪ್ಪಣಿ

ಇಂಗ್ಲಿಷಿನ ನಾಮಪದವೊಂದು ಎಣಿಕೆಗೆ ಸಿಗುತ್ತದೆಯೇ ಎಂಬುದನ್ನು ವಸ್ತುವನ್ನು ನೋಡಿ ತೀರ್ಮಾನಿಸಲು ಹೊರಟರೆ ದಾರಿ ತಪ್ಪುತ್ತದೆ. ನಾಣ್ಯಗಳನ್ನೂ ನೋಟುಗಳನ್ನೂ ನಾವು ಎಣಿಸುತ್ತೇವೆ, ಆದರೂ 'ಮನಿ' ಎಣಿಸಲಾಗದ ನಾಮಪದ; ಕುರ್ಚಿ, ಮೇಜುಗಳು ಕಣ್ಣೆದುರಿಗೇ ಬಿಡಿಬಿಡಿಯಾಗಿದ್ದರೂ ಅವೆಲ್ಲಕ್ಕೂ ಒಟ್ಟಾಗಿ ಸಲ್ಲುವ 'ಫರ್ನಿಚರ್' ಪದಕ್ಕೆ ಬಹುವಚನವಿಲ್ಲ. 'ಲಗೇಜ್', 'ಇನ್ಫರ್ಮೇಶನ್', 'ಅಡ್ವೈಸ್', 'ಹೋಮ್‌ವರ್ಕ್' ಇದೇ ಗುಂಪಿಗೆ ಸೇರುತ್ತವೆ. ಸಲಹೆಗಳು, ಮಾಹಿತಿಗಳು ಎಂದು ಬರೆದು ರೂಢಿಯಾದ ನಾವು 'ಅಡ್ವೈಸಸ್', 'ಇನ್ಫರ್ಮೇಶನ್ಸ್' ಎಂದು ಬರೆದುಬಿಡುವುದು ಸಹಜವಾದರೂ ಅದು ತಪ್ಪು. ಒಂದೊಂದಾಗಿ ಹೇಳಲೇಬೇಕಾದಾಗ 'ಎ ಪೀಸ್ ಆಫ್ ಅಡ್ವೈಸ್', 'ಟೂ ಪೀಸಸ್ ಆಫ್ ಅಡ್ವೈಸ್' ಎನ್ನಬೇಕು. 'ನ್ಯೂಸ್' ಪದದ ಕೊನೆಯ 'ಸ್' ಬಹುವಚನದಂತೆ ಕೇಳಿಸಿದರೂ ಅದರ ಜೊತೆಗೆ ಬರುವುದು 'ಈಸ್', 'ಆರ್' ಅಲ್ಲ.

ಎಣಿಸಬಹುದಾದ ನಾಮಪದಗಳಲ್ಲಿ ಬಹುವಚನ ಮಾಡುವುದು ಸುಲಭ, ಕಷ್ಟವಿರುವುದು ಏಕವಚನದಲ್ಲಿ. ಅಂಥ ಪದ ಏಕವಚನದಲ್ಲಿದ್ದಾಗ ಅದರ ಹಿಂದೆ 'ಎ', 'ದ', 'ಮೈ', 'ದಿಸ್', 'ಎವ್ರಿ' ಮುಂತಾದ ಯಾವುದಾದರೊಂದು ಪದ ಇರಲೇಬೇಕು. ಕನ್ನಡದಲ್ಲಿ 'ಪುಸ್ತಕ ಕೊಂಡೆ' ಎಂದರೆ ವಾಕ್ಯ ಪೂರ್ಣವಾಗುತ್ತದೆ, ಆದರೆ 'ಐ ಬಾಟ್ ಬುಕ್' ಎಂಬುದು ಪೂರ್ಣವಲ್ಲ. 'ಐ ಬಾಟ್ ಎ ಬುಕ್' ಎನ್ನಬೇಕು. 'ಬೈ ಬಸ್', 'ಅಟ್ ಹೋಮ್' ಮುಂತಾದ ರೂಢಿಯ ನುಡಿಗಟ್ಟುಗಳು ಮಾತ್ರ ಈ ನಿಯಮಕ್ಕೆ ಹೊರತು. ನನ್ನ ದೃಷ್ಟಿಯಲ್ಲಿ ಈ ಪಾಠದ ಬೇರೆಲ್ಲ ನಿಯಮಗಳಿಗಿಂತ ಇದನ್ನೇ ಮೊದಲು ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು.

ಪರಿಮಾಣ ಹೇಳುವಾಗ 'ಮೆನಿ', 'ಫ್ಯೂ' ಎಣಿಸಬಹುದಾದವುಗಳ ಬಹುವಚನಕ್ಕೆ, 'ಮಚ್', 'ಲಿಟಲ್' ಎಣಿಸಲಾಗದವುಗಳಿಗೆ ಸಲ್ಲುತ್ತವೆ. 'ಸಮ್', 'ಎ ಲಾಟ್ ಆಫ್' ಎರಡಕ್ಕೂ ಹೊಂದುತ್ತವೆ. 'ಫ್ಯೂ ಫ್ರೆಂಡ್ಸ್' ಎಂದರೆ ಗೆಳೆಯರು ಇಲ್ಲವೆನ್ನುವಷ್ಟು ಕಡಿಮೆ, 'ಎ ಫ್ಯೂ ಫ್ರೆಂಡ್ಸ್' ಎಂದರೆ ಕೆಲವರಾದರೂ ಇದ್ದಾರೆ ಎಂಬ ಸೂಕ್ಷ್ಮವನ್ನೂ ಗಮನಿಸಬೇಕು. 'ಲಿಟಲ್', 'ಎ ಲಿಟಲ್' ನಡುವಿನ ಅಂತರವೂ ಇಂಥದ್ದೇ. ದೂರ, ಕಾಲ, ಹಣಗಳನ್ನು ಇಂಗ್ಲಿಷ್ ಒಂದೇ ಮೊತ್ತವಾಗಿ ಭಾವಿಸುವುದರಿಂದ ಅಲ್ಲಿ ಪದ ಬಹುವಚನದಲ್ಲಿದ್ದರೂ 'ಫ್ಯೂ'ವಿನ ಹೋಲಿಕೆಯ ರೂಪವಾದ 'ಫ್ಯೂವರ್' ಬದಲು 'ಲಿಟಲ್'ನ ಹೋಲಿಕೆಯ ರೂಪವಾದ 'ಲೆಸ್' ಬಳಸಿ 'ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್' ಎನ್ನುವುದೇ ವಾಡಿಕೆ.

ಇನ್ನು ಕೆಲವು ಪದಗಳು ಅರ್ಥಕ್ಕೆ ತಕ್ಕಂತೆ ಗುಂಪು ಬದಲಿಸುತ್ತವೆ. ಬರೆಯುವ ಕಾಗದವೆಂಬ ಅರ್ಥದಲ್ಲಿ 'ಪೇಪರ್' ಎಣಿಕೆಗೆ ಸಿಗುವುದಿಲ್ಲ, ಆದರೆ 'ಎ ಪೇಪರ್' ಎಂದರೆ ಪತ್ರಿಕೆಯೋ ಸಂಶೋಧನಾ ಪ್ರಬಂಧವೋ ಆಗುತ್ತದೆ. ದುಡಿದು ಗಳಿಸಿದ ಅನುಭವ 'ಎಕ್ಸ್‌ಪೀರಿಯನ್ಸ್', ಬದುಕಿನಲ್ಲಿ ನಡೆದ ಬಿಡಿ ಘಟನೆಗಳು 'ಎಕ್ಸ್‌ಪೀರಿಯನ್ಸಸ್'. ಕಲಿಯುವವರಿಗಾಗಿ ರೂಪಿಸಿದ ನಿಘಂಟುಗಳಲ್ಲಿ ಎಣಿಸಬಹುದಾದ ಅರ್ಥಕ್ಕೆ 'ಸಿ', ಎಣಿಸಲಾಗದ ಅರ್ಥಕ್ಕೆ 'ಯು' ಎಂಬ ಗುರುತನ್ನು ಸಾಮಾನ್ಯವಾಗಿ ಆಯಾ ಅರ್ಥದ ಪಕ್ಕದಲ್ಲೇ ಕೊಟ್ಟಿರುತ್ತಾರೆ. ಹಾಗಾಗಿ ಮೊದಲ ಅರ್ಥದ ಗುರುತನ್ನಷ್ಟೇ ನೋಡಿ ನಿಘಂಟನ್ನು ಮುಚ್ಚದೆ, ನಮಗೆ ಬೇಕಾದ ಅರ್ಥದವರೆಗೂ ಓದಬೇಕು.