ಪೋನಿ ಎಕ್ಸ್‌ಪ್ರೆಸ್

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊವರೆಗೆ ಕುದುರೆ ಸವಾರರು ಕಾಗದಪತ್ರ ಒಯ್ಯುತ್ತಿದ್ದ ಅಂಚೆ ಸೇವೆಯ ಹೆಸರು ಪೋನಿ ಎಕ್ಸ್‌ಪ್ರೆಸ್. ರಸೆಲ್, ಮೇಜರ್ಸ್, ವ್ಯಾಡೆಲ್ ಎಂಬ ಮೂವರು ಪಾಲುದಾರರ ಸಾಗಣೆ ಕಂಪನಿ 1860ರ ಏಪ್ರಿಲ್ 3ರಂದು ಇದನ್ನು ಆರಂಭಿಸಿತು. ಸುಮಾರು 3,000 ಕಿಲೋಮೀಟರ್ ದಾರಿಯನ್ನು ಹತ್ತು ದಿನಗಳಲ್ಲಿ ಮುಗಿಸುವುದು ಗುರಿ.

ಈ ವೇಗದ ಗುಟ್ಟು ಇದ್ದದ್ದು ಕೈ ಬದಲಾಯಿಸುವ ಕ್ರಮದಲ್ಲಿ. ಹದಿನೈದು–ಇಪ್ಪತ್ತು ಕಿಲೋಮೀಟರಿಗೊಂದು ಠಾಣೆ. ಪ್ರತಿ ಠಾಣೆಯಲ್ಲೂ ಹೊಸ ಕುದುರೆ. ನೂರಿಪ್ಪತ್ತು, ನೂರೈವತ್ತು ಕಿಲೋಮೀಟರ್ ಓಡಿದ ಮೇಲೆ ಸವಾರನೂ ಬದಲು. ಪತ್ರಗಳಿರುತ್ತಿದ್ದುದು ‘ಮೋಚಿಲಾ’ ಎಂಬ ಚರ್ಮದ ಹೊದಿಕೆಯಲ್ಲಿ. ಅದನ್ನು ಜೀನಿನ ಮೇಲೆ ಹಾಸಿದರೆ ಸಾಕು, ಕಟ್ಟುವ ಬಿಗಿಯುವ ಕೆಲಸವಿಲ್ಲ; ಮೇಲೆ ಕೂತ ಸವಾರನ ಭಾರಕ್ಕೇ ಅದು ನಿಲ್ಲುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಚೀಲ, ಮೂರಕ್ಕೆ ಬೀಗ. ನಾಲ್ಕನೆಯದರಲ್ಲಿ ದಾರಿಯ ಊರುಗಳ ಪತ್ರ, ಜೊತೆಗೆ ಹೊತ್ತು ಬರೆದಿಡುವ ಚೀಟಿ. ಠಾಣೆಗೆ ಬಂದವನು ಮೋಚಿಲಾ ಎಳೆದು ಮುಂದಿನ ಕುದುರೆಯ ಮೇಲೆ ಎಸೆದು ಹತ್ತುತ್ತಿದ್ದ. ಇದಕ್ಕೆ ಕೊಟ್ಟ ಸಮಯ ಎರಡು ನಿಮಿಷ.

ಸವಾರರ ಸಾಹಸದ ಕಥೆಗಳು ಬೇಕಾದಷ್ಟಿವೆ. ಬಯಲಿನ ನಡುವೆ ಒಂಟಿ ಠಾಣೆಯಲ್ಲಿದ್ದು ಕುದುರೆ ಮೇಯಿಸಿ ಸಜ್ಜಾಗಿಡುತ್ತಿದ್ದವರ ಕಷ್ಟ ಅದಕ್ಕಿಂತ ದೊಡ್ಡದು ಎಂದು ನನಗನಿಸುತ್ತದೆ. ಸವಾರ ಅಪಾಯದಿಂದ ಓಡಿ ಪಾರಾಗಬಹುದಿತ್ತು, ಇವರಿಗೆ ಆ ದಾರಿಯಿರಲಿಲ್ಲ. 1860ರ ಮೇ ತಿಂಗಳಲ್ಲಿ ಈಗಿನ ನೆವಾಡಾದಲ್ಲಿ ಪಾಯೂಟ್ ಎಂಬ ಮೂಲನಿವಾಸಿ ಜನರಿಗೂ ವಲಸೆ ಬಂದ ಬಿಳಿಯರಿಗೂ ಯುದ್ಧ ಹತ್ತಿಕೊಂಡಾಗ ಹಲವು ಠಾಣೆಗಳು ಸುಟ್ಟುಹೋದವು, ಅಲ್ಲಿದ್ದವರು ಸತ್ತರು. ಕೆಲವು ವಾರ ಅಂಚೆಯೇ ನಿಂತಿತು.

ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಕದ ಪತ್ರಕ್ಕೆ ಮೊದಲು ಐದು ಡಾಲರ್ ದರವಿತ್ತು. ಹಾಗಾಗಿ ಪತ್ರಿಕೆಗಳು, ವ್ಯಾಪಾರಿಗಳು, ಸರ್ಕಾರವೇ ಮುಖ್ಯ ಗಿರಾಕಿಗಳು. ಬರೆಯುತ್ತಿದ್ದುದೂ ತೆಳು ಕಾಗದದ ಮೇಲೆ. 1861ರ ಮಾರ್ಚ್‌ನಲ್ಲಿ ಲಿಂಕನ್ ಅಧಿಕಾರ ಸ್ವೀಕಾರದ ಭಾಷಣವನ್ನು ಎಂಟು ದಿನದೊಳಗೆ ಮುಟ್ಟಿಸಿದ್ದು ಇವರ ಅತಿ ವೇಗದ ಓಟ.

ದರ ಕೊನೆಗೆ ಒಂದು ಡಾಲರಿಗೆ ಇಳಿಯಿತು, ಕಂಪನಿಯ ಸಾಲ ಮಾತ್ರ ಇಳಿಯಲಿಲ್ಲ. ಅಷ್ಟರಲ್ಲಿ ಪೂರ್ವದಿಂದಲೂ ಪಶ್ಚಿಮದಿಂದಲೂ ತಂತಿ ಕಂಬಗಳು ಎದ್ದು ಬರುತ್ತಿದ್ದವು. ನಡುವೆ ತಂತಿಯಿಲ್ಲದ ದೂರಕ್ಕೆ ಟೆಲಿಗ್ರಾಂಗಳನ್ನು ಒಯ್ದವರೂ ಇದೇ ಸವಾರರು. 1861ರ ಅಕ್ಟೋಬರ್ 24ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಎರಡೂ ತಂತಿಗಳು ಕೂಡಿದವು. ಎರಡೇ ದಿನಕ್ಕೆ ಸೇವೆ ಮುಚ್ಚಿದ ಪ್ರಕಟಣೆ ಹೊರಬಿತ್ತು.