ಎಎಫ್‌ನಲ್ಲಿ ನೀರಿಲ್ಲ

1942ರ ಮೇ ತಿಂಗಳು. ಪೆಸಿಫಿಕ್ ಸಾಗರದ ನಡುವೆ ಅಮೆರಿಕದ ನೆಲೆಯಿದ್ದ ಪುಟ್ಟ ದ್ವೀಪ ಮಿಡ್‌ವೇಯಿಂದ ಒಂದು ರೇಡಿಯೋ ಸಂದೇಶ ಹೊರಟಿತು. ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿದೆ, ಕುಡಿಯುವ ನೀರಿಗೆ ತತ್ವಾರ. ಸಂಕೇತ ಗಿಂಕೇತ ಏನೂ ಇಲ್ಲ, ಯಾರು ಕೇಳಿಸಿಕೊಂಡರೂ ಅರ್ಥವಾಗುವ ಸಾದಾ ಮಾತು. ಅಸಲಿಗೆ ಯಂತ್ರ ಕೆಟ್ಟಿರಲೇ ಇಲ್ಲ.

ಹವಾಯಿಯ ನೆಲಮಾಳಿಗೆಯೊಂದರಲ್ಲಿ ಅಮೆರಿಕ ನೌಕಾಪಡೆಯ ಅಧಿಕಾರಿ ಜೋಸೆಫ್ ರೋಶ್‌ಫೋರ್ಟ್ ಅವರ ತಂಡ ಜಪಾನಿ ನೌಕಾಪಡೆಯ ಸಂಕೇತವನ್ನು ಅಷ್ಟಿಷ್ಟು ಬಿಡಿಸಿತ್ತು. ದೊಡ್ಡ ದಾಳಿ ಬರಲಿದೆ ಅಂತ ಗೊತ್ತಾಗಿತ್ತು. ಗುರಿಯ ಹೆಸರು ‘ಎಎಫ್’. ಆದರೆ ಎಎಫ್ ಅಂದರೆ ಎಲ್ಲಿ? ಮಿಡ್‌ವೇ ಅಂದರು ರೋಶ್‌ಫೋರ್ಟ್. ವಾಷಿಂಗ್ಟನ್‌ನಲ್ಲಿ ಅದನ್ನು ಒಪ್ಪದವರಿದ್ದರು. ಅದಕ್ಕೇ ಈ ಸುಳ್ಳು. ಹೀಗೊಂದು ಸುಳ್ಳು ಹೇಳಿ ಎಂಬ ಸೂಚನೆ ಮಾತ್ರ ಸಮುದ್ರದಡಿಯ ಕೇಬಲ್‌ನಲ್ಲಿ ಹೋಗಿತ್ತು, ಶತ್ರುವಿನ ಕಿವಿಗೆ ಬೀಳದಂತೆ. ಸ್ವಲ್ಪದರಲ್ಲೇ ಜಪಾನಿ ಸಂದೇಶವೊಂದು ಸಿಕ್ಕಿತು: ಎಎಫ್‌ನಲ್ಲಿ ನೀರಿಗೆ ಕೊರತೆ. ಜೂನ್ 4ರಂದು ಶುರುವಾದ ಕಾಳಗದಲ್ಲಿ ಜಪಾನ್ ನಾಲ್ಕು ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡಿತು, ಅಮೆರಿಕ ಒಂದನ್ನು.

ನನಗಂತೂ ಇದು ಬೇಹುಗಾರಿಕೆಗಿಂತ ಜಾಸ್ತಿ ವಿಜ್ಞಾನದ ಪ್ರಯೋಗದಂತೆ ಕಾಣುತ್ತದೆ. ಒಂದು ಊಹೆ ಇತ್ತು. ಅದು ನಿಜವೋ ಸುಳ್ಳೋ ಅಂತ ಎದುರಾಳಿಯ ಬಾಯಲ್ಲೇ ಹೇಳಿಸಿದರು.

ಗುಪ್ತಚರ ಅಂದ ಕೂಡಲೇ ಕತ್ತಲು, ವೇಷ, ಕದ್ದ ಕಾಗದ ನೆನಪಾಗುತ್ತವೆ. ಅವೂ ಇವೆ. ಆದರೆ ದೇಶದ ಭದ್ರತೆ ನಿಂತಿರುವುದು ಹೆಚ್ಚಾಗಿ ಮೇಜಿನ ಮುಂದೆ ಕೂತು ಸಿಕ್ಕಿದ್ದನ್ನು ತೂಗಿ ನೋಡುವವರ ಮೇಲೆ. ಹಾಗಾದರೆ ಮಾಹಿತಿ ಜಾಸ್ತಿ ಸಿಕ್ಕಷ್ಟೂ ಒಳ್ಳೇದು ಅಲ್ವಾ? ಒಂದು ಲೆಕ್ಕ ಮಾಡಿ ನೋಡೋಣ. 1 ಕೋಟಿ ಜನರಲ್ಲಿ 100 ಮಂದಿ ಅಪಾಯಕಾರಿಗಳು ಅಂದುಕೊಳ್ಳಿ. ಅವರನ್ನು ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಂ ಶೇಕಡಾ 99 ಸಲ ಸರಿ ಹೇಳುತ್ತದೆ. ಭಾರಿ ಅಚ್ಚುಕಟ್ಟು ಅನ್ನಿಸುತ್ತದೆ. 100ರಲ್ಲಿ 99 ಮಂದಿ ಸಿಕ್ಕಿಬೀಳುತ್ತಾರೆ, ನಿಜ. ಜೊತೆಗೆ ಏನೂ ಮಾಡದ ಸುಮಾರು 1 ಲಕ್ಷ ಜನರ ಹೆಸರೂ ಪಟ್ಟಿಗೆ ಬರುತ್ತದೆ! ಒಬ್ಬ ನಿಜವಾದ ಅಪಾಯಕಾರಿಗೆ ಸಾವಿರ ಅಮಾಯಕರು. ಎಲ್ಲರ ಫೋನ್ ಕೇಳಿದರೆ ದೇಶ ಸುರಕ್ಷಿತ ಎನ್ನುವವರು ಈ ಲೆಕ್ಕವನ್ನು ಸುಮ್ನೆ ದಾಟಿಬಿಡುತ್ತಾರೆ.

ತೂಗಿದ್ದನ್ನು ಮಾತಿನಲ್ಲಿ ಹೇಳುವುದು ಇನ್ನೊಂದು ಫಜೀತಿ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ವಿಶ್ಲೇಷಕ ಶೆರ್ಮನ್ ಕೆಂಟ್ ಮತ್ತು ಸಹೋದ್ಯೋಗಿಗಳು ಒಂದು ವರದಿ ಕೊಟ್ಟರು. ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಅಂತ ಅದರಲ್ಲಿತ್ತು. ಹಾಗಂದರೆ ಎಷ್ಟು ಅಂತ ಅಧಿಕಾರಿಯೊಬ್ಬರು ಕೇಳಿದರು. ನೂರಕ್ಕೆ 65 ಅಂದರು ಕೆಂಟ್. ಕೇಳಿದವರು ಬೆಚ್ಚಿಬಿದ್ದರು, ಅವರು ಅಂದುಕೊಂಡಿದ್ದು ಅದಕ್ಕಿಂತ ತೀರಾ ಕಡಿಮೆ. ಆಮೇಲೆ ಕೆಂಟ್ ತಮ್ಮ ಜೊತೆಯವರನ್ನೇ ಒಬ್ಬೊಬ್ಬರಾಗಿ ಕೇಳಿದರು. ಒಬ್ಬರ ಮನಸ್ಸಿನಲ್ಲಿ 20, ಇನ್ನೊಬ್ಬರದ್ದು 80. ಎಲ್ಲರೂ ಕೂತು ಒಪ್ಪಿದ್ದ ಅದೇ ಎರಡು ಪದ! ಯಾವ ಪದಕ್ಕೆ ಎಷ್ಟು ಶೇಕಡಾ ಅಂತ ಕೆಂಟ್ ಆಮೇಲೆ ಪಟ್ಟಿಯನ್ನೇ ಮಾಡಿದರು. ಬರೆಯುವುದರಲ್ಲಿ ಅಷ್ಟು ಕಟ್ಟುನಿಟ್ಟು.

ಇದೇ ಕೆಂಟ್ ಮುಖ್ಯಸ್ಥರಾಗಿದ್ದ ಮಂಡಳಿ 1962ರ ಸೆಪ್ಟೆಂಬರ್ 19ರಂದು ಇನ್ನೊಂದು ಅಂದಾಜು ಕೊಟ್ಟಿತು. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣು ಕ್ಷಿಪಣಿ ಇಡುವ ಸಂಭವ ಕಡಿಮೆ, ಯಾಕಂದರೆ ಹಿಂದೆಂದೂ ಅದು ಅಂಥ ಅಪಾಯಕ್ಕೆ ಕೈಹಾಕಿಲ್ಲ. ಒಂದು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 14ರಂದು ಅಮೆರಿಕದ ಬೇಹುಗಾರಿಕೆ ವಿಮಾನ ಯು-2 ಫೋಟೋ ತಂದಿತು. ಹೊಲಗಳ ನಡುವೆ ಬಟ್ಟೆ ಹೊದಿಸಿದ ಉದ್ದನೆಯ ವಸ್ತುಗಳು. ಒಲೆಗ್ ಪೆಂಕೋವ್ಸ್ಕಿ ಎಂಬ ಸೋವಿಯತ್ ಕರ್ನಲ್ ಗುಟ್ಟಾಗಿ ದಾಟಿಸಿದ್ದ ಕ್ಷಿಪಣಿ ಕೈಪಿಡಿಗಳು ಕೈಯಲ್ಲಿದ್ದವು. ಫೋಟೋದಲ್ಲಿ ಉದ್ದ ಅಳೆದರು, ತಾಳೆ ನೋಡಿದರು. ಕ್ಷಿಪಣಿಗಳೇ.

ಎದುರಾಳಿ ಯಾವಾಗ ದೊಡ್ಡ ತಪ್ಪು ಮಾಡುತ್ತಾನೆ ಅಂತ ಯಾವ ಅಂದಾಜೂ ಮೊದಲೇ ಹೇಳಲಾರದು, ಎರಡು ವರ್ಷದ ಮೇಲೆ ಕೆಂಟ್ ಕೊಟ್ಟ ಸಮಜಾಯಿಷಿ ಹೆಚ್ಚುಕಡಿಮೆ ಹೀಗಿತ್ತು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ‘ಕಡಿಮೆ’ ಅಂದರೆ ನೂರಕ್ಕೆ ಎಷ್ಟು ಅಂತ ಆ ಸಲ ಯಾರಾದರೂ ಅವರನ್ನು ಕೇಳಬೇಕಿತ್ತು.