ಪರದೆ ಯಾರೊಡನೆ ಮಾತನಾಡುತ್ತಿದೆ? ದೋಷ ಸಂದೇಶ ಮತ್ತು ಅಪ್‌ಡೇಟ್‌ಗಳ ಹಿನ್ನೆಲೆ

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಪರದೆಯ ಮೇಲೆ ಮೂಡುವ ಸಂಕೇತಗಳಲ್ಲಿ ಒಂದು ಹೀಗಿರುತ್ತದೆ: ಮೊದಲು ಒಂದು ಸೊನ್ನೆ, ಆಮೇಲೆ ಒಂದು ಎಕ್ಸ್, ಅದರ ಬೆನ್ನಿಗೆ 80070070. ಇದನ್ನು ಕಂಡವರಲ್ಲಿ ಹೆಚ್ಚಿನವರು ಯಂತ್ರವೇ ಕೆಟ್ಟಿತೆಂದು ಹೆದರುತ್ತಾರೆ, ಇಲ್ಲವೇ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಬೇಸತ್ತು ಕೈಬಿಡುತ್ತಾರೆ. ಆದರೆ ಆ ಅಂಕಿಗಳಲ್ಲಿ ಬಹಳ ಸರಳವಾದ ಒಂದು ಮಾತು ಅಡಗಿದೆ. ಮೊದಲಿನ 8 ‘ಕೆಲಸ ವಿಫಲವಾಯಿತು’ ಎನ್ನುತ್ತದೆ. ನಡುವಿನ 007, ಈ ವೈಫಲ್ಯವನ್ನು ಯಾವ ದೋಷಪಟ್ಟಿಯಲ್ಲಿ ಹುಡುಕಬೇಕೆಂದು ತಿಳಿಸುತ್ತದೆ. ಕೊನೆಯ 0070 ಹದಿನಾರರ ಎಣಿಕೆಯಲ್ಲಿ ಬರೆದ ಸಂಖ್ಯೆ. ನಮ್ಮ ಹತ್ತರ ಎಣಿಕೆಗೆ ತಂದರೆ ಅದು 112. ಆ ಪಟ್ಟಿಯ 112ನೆಯ ದೋಷದ ಅರ್ಥ, ಡಿಸ್ಕಿನಲ್ಲಿ ಸಾಕಷ್ಟು ಜಾಗವಿಲ್ಲ ಎಂಬುದು. ನಾಲ್ಕು ಹಳೆಯ ವಿಡಿಯೋಗಳನ್ನು ಅಳಿಸಿದರೆ ಬಗೆಹರಿಯಬಹುದಾದ ತೊಂದರೆಯನ್ನು ಯಂತ್ರ ಇಷ್ಟು ಒಗಟಾಗಿ ಏಕೆ ಹೇಳುತ್ತದೆ?

ಬರೆದವರ ಉಡಾಫೆಯೆಂದು ಇದನ್ನು ತಳ್ಳಿಹಾಕುವುದು ಸುಲಭ, ಆದರೆ ಅದು ಅರ್ಧಸತ್ಯ. ಈ ಸಂಕೇತಗಳು ಹುಟ್ಟಿದ ಕಾಲದಲ್ಲಿ ಅವುಗಳನ್ನು ಓದಬೇಕಾಗಿದ್ದವನು ಬೇರೆಯೇ ಒಬ್ಬ ಮನುಷ್ಯ. ಅವನು ಮರೆಯಾಗಿ ದಶಕಗಳೇ ಕಳೆದಿವೆ. ಅವನ ಹೆಸರಿಗೆ ಬರುತ್ತಿದ್ದ ಕಾಗದಗಳು ಮಾತ್ರ ಇಂದಿಗೂ ನಮ್ಮ ಮನೆಬಾಗಿಲಿಗೆ ಬಂದು ಬೀಳುತ್ತಿವೆ.

ಒಂದು ಕಂಪ್ಯೂಟರ್ ಇಡೀ ಕೋಣೆಯನ್ನು ಆವರಿಸುತ್ತಿದ್ದ ಕಾಲದಲ್ಲಿ ಲೆಕ್ಕ ಬೇಕಾದವರಿಗೂ ಯಂತ್ರಕ್ಕೂ ನಡುವೆ ಆಪರೇಟರ್ ಎಂಬ ತರಬೇತಾದ ನೌಕರನಿರುತ್ತಿದ್ದ. ಐಬಿಎಂನ ದೊಡ್ಡ ಯಂತ್ರಗಳಲ್ಲಿ ಕೆಲಸವೊಂದು ನಡುವೆ ಮುರಿದುಬಿದ್ದರೆ ಎಸ್‌0ಸಿ7 ಎಂಬಂಥ ಪುಟ್ಟ ಸಂಕೇತ ಮುದ್ರಣವಾಗುತ್ತಿತ್ತು. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದು ಬಂದಿದೆ ಎಂಬುದು ಅದರ ಅರ್ಥ. ಸಂಕೇತಗಳ ವಿವರಣೆಗೆಂದೇ ದಪ್ಪ ಕೈಪಿಡಿಗಳಿದ್ದವು, ಅವುಗಳನ್ನು ತೆರೆದು ನೋಡುವುದು ಸಂಬಳದ ಕೆಲಸವೇ ಆಗಿತ್ತು, ಹಾಗಾಗಿ ಯಂತ್ರ ಚುಟುಕಾಗಿ ಮಾತನಾಡಿದರೂ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಚುಟುಕುತನಕ್ಕೆ ಇನ್ನೊಂದು ಕಾರಣವೂ ಇತ್ತು. ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಬರೆದ ‘ಇಡಿ’ ಎಂಬ ಪಠ್ಯ ಸಂಪಾದಕವು ಯಾವ ತಪ್ಪಿಗಾದರೂ ಬರಿಯ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ತೋರಿಸುತ್ತಿತ್ತು. ಸೆಕೆಂಡಿಗೆ ಹತ್ತು ಅಕ್ಷರಗಳನ್ನಷ್ಟೇ ಕಾಗದದ ಮೇಲೆ ಮುದ್ರಿಸಬಲ್ಲ ಟೆಲಿಟೈಪ್ ಯಂತ್ರದ ಮುಂದೆ ಕುಳಿತವನಿಗೆ ಉದ್ದದ ಕ್ಷಮಾಪಣೆಗಿಂತ ಆ ಒಂದು ಚಿಹ್ನೆಯೇ ಅನುಕೂಲವಾಗಿತ್ತು.

1980ರ ದಶಕದಲ್ಲಿ ಕಂಪ್ಯೂಟರ್ ಮೇಜಿನ ಮೇಲೆ ಬಂದು ಕುಳಿತಿತು, ಆಪರೇಟರ್ ಅದರ ಜೊತೆಗೆ ಬರಲಿಲ್ಲ. ಫ್ಲಾಪಿ ಹಾಕುವುದನ್ನು ಮರೆತ ಗುಮಾಸ್ತನನ್ನು ಅಂದಿನ ಪಿಸಿಗಳನ್ನು ನಡೆಸುತ್ತಿದ್ದ ಡಾಸ್ ವ್ಯವಸ್ಥೆ ‘ಅಬಾರ್ಟ್, ರೀಟ್ರೈ, ಇಗ್ನೋರ್’ (ನಿಲ್ಲಿಸಲೇ, ಮತ್ತೆ ಯತ್ನಿಸಲೇ, ಕಡೆಗಣಿಸಲೇ) ಎಂದು ಕೇಳತೊಡಗಿತು. ಮೂರರಲ್ಲಿ ಯಾವುದನ್ನು ಆರಿಸಿದರೆ ಏನಾಗುತ್ತದೆ, ತಾನು ಬರೆದ ಪತ್ರ ಉಳಿಯುತ್ತದೆಯೇ ಅಳಿಯುತ್ತದೆಯೇ ಎಂಬುದನ್ನು ತಿಳಿಯುವ ದಾರಿ ಅವನಿಗಿರಲಿಲ್ಲ. 1984ರ ಮ್ಯಾಕಿಂಟಾಷ್‌ನಲ್ಲಿ ವ್ಯವಸ್ಥೆ ಕುಸಿದರೆ ಬತ್ತಿ ಹೊತ್ತಿಕೊಂಡ ಬಾಂಬಿನ ಚಿತ್ರ ಕಾಣಿಸುತ್ತಿತ್ತು. ಅದನ್ನು ಬಿಡಿಸಿದವರು ಸೂಸನ್ ಕೇರ್. 1985ರ ಅಮಿಗಾ ಕಂಪ್ಯೂಟರಿನಲ್ಲಿ ಕೆಂಪು ಚೌಕಟ್ಟಿನೊಳಗೆ ‘ಗುರು ಮೆಡಿಟೇಷನ್’ ಎಂಬ ಮಾತೂ ಅದರ ಮುಂದೆ ಉದ್ದನೆಯ ಸಂಖ್ಯೆಯೂ ಮಿನುಗುತ್ತಿದ್ದವು. ವಿಂಡೋಸ್ 95 ‘ಈ ಪ್ರೋಗ್ರಾಮ್ ಇಲ್ಲೀಗಲ್ ಆಪರೇಷನ್ ನಡೆಸಿದೆ, ಇದನ್ನು ಮುಚ್ಚಲಾಗುವುದು’ ಎಂದು ಘೋಷಿಸುತ್ತಿತ್ತು. ಪ್ರೊಸೆಸರಿಗೆ ಸಲ್ಲದ ಆದೇಶವೊಂದು ಹೋಗಿದೆ ಎಂಬುದು ತಂತ್ರಜ್ಞರ ಇಂಗಿತ. ಆದರೆ ‘ಇಲ್ಲೀಗಲ್’ ಎಂದರೆ ಕಾನೂನುಬಾಹಿರವೆಂದಷ್ಟೇ ತಿಳಿದಿದ್ದ ಸಾಮಾನ್ಯ ಬಳಕೆದಾರನಿಗೆ ಆ ವಾಕ್ಯ ಅಪರಾಧದ ಆರೋಪದಂತೆ ಕೇಳಿಸಿದರೆ ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ಗೊಂದಲಕ್ಕೆ ಭಾಷೆಗಿಂತ ಆಳವಾದ ಒಂದು ಮೂಲವಿದೆ. ಇಂದಿನ ಯಾವ ತಂತ್ರಾಂಶವೂ ಒಂಟಿಯಾಗಿ ನಿಂತಿರುವುದಿಲ್ಲ, ಪದರದ ಮೇಲೆ ಪದರವಾಗಿ ಕಟ್ಟಿಕೊಂಡಿರುತ್ತದೆ. ಬಳಕೆದಾರನಿಗೆ ಏನು ಬೇಕಿತ್ತೆಂಬುದು ಮೇಲಿನ ಪದರಕ್ಕೆ ಗೊತ್ತು, ಆದರೆ ಕೆಲಸ ಏಕೆ ಕೆಟ್ಟಿತೆಂಬುದು ಅದಕ್ಕೆ ಗೊತ್ತಿಲ್ಲ. ಕೆಟ್ಟಿದ್ದೇಕೆಂದು ತಳದ ಪದರಕ್ಕೆ ಗೊತ್ತು, ಆದರೆ ಮೇಲೆ ಕುಳಿತವನು ಮಗುವಿನ ಫೋಟೋ ಉಳಿಸಲು ಹೊರಟಿದ್ದನೋ ಸಂಬಳದ ಪಟ್ಟಿ ಕಳಿಸಲು ಹೊರಟಿದ್ದನೋ ಎಂಬುದು ಅದರ ಅರಿವಿನಾಚೆಯದು. ಇವೆರಡರ ನಡುವೆ ದಾಟಿ ಬರುವುದು ಒಂದು ಸಂಖ್ಯೆ ಮಾತ್ರ.

ಇದಕ್ಕೆ ಯುನಿಕ್ಸ್‌ನ ‘ನಾಟ್ ಎ ಟೈಪ್‌ರೈಟರ್’ ಎಂಬ ಸಂದೇಶಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಇಮೇಲ್ ಕಳಿಸಲು ಹೋದವರಿಗೂ ಕೆಲವೊಮ್ಮೆ ‘ಇದು ಟೈಪ್‌ರೈಟರ್ ಅಲ್ಲ’ ಎಂಬ ಉತ್ತರ ಬರುತ್ತಿತ್ತು. ನಡೆಯುತ್ತಿದ್ದುದು ಇಷ್ಟು. ಪ್ರೋಗ್ರಾಮ್ ಮೊದಲ ಬಾರಿ ಏನನ್ನಾದರೂ ಬರೆಯುವಾಗ, ತಾನು ಬರೆಯುತ್ತಿರುವುದು ಮನುಷ್ಯ ಕುಳಿತಿರುವ ಟರ್ಮಿನಲ್‌ಗೋ ಅಥವಾ ಒಂದು ಕಡತಕ್ಕೋ ಎಂದು ಒಳಗೊಳಗೇ ಪರೀಕ್ಷಿಸಿಕೊಳ್ಳುತ್ತದೆ. ಕಡತವಾಗಿದ್ದರೆ ‘ಟರ್ಮಿನಲ್ ಅಲ್ಲ’ ಎಂಬ ಅರ್ಥದ 25 ಎಂಬ ಸಂಖ್ಯೆಯನ್ನು ವ್ಯವಸ್ಥೆಯು ದೋಷಗಳಿಗೆಂದು ಇಟ್ಟ ಒಂದು ಜಾಗದಲ್ಲಿ ಬರೆದಿಡುತ್ತದೆ. ಇದರಲ್ಲಿ ದೋಷವೇನೂ ಇಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತಷ್ಟೆ. ಮುಂದೆ ಬೇರೆ ಯಾವುದೋ ಕಾರಣಕ್ಕೆ, ವಿಳಾಸ ಸಿಗಲಿಲ್ಲವೆಂದೋ ಮತ್ತೇನೆಂದೋ, ಕೆಲಸ ನಿಂತಾಗ ಪ್ರೋಗ್ರಾಮ್ ಆ ಜಾಗದತ್ತ ಇಣುಕುತ್ತದೆ. ಅಲ್ಲಿ ಅಳಿಸದೆ ಉಳಿದಿರುವ ಹಳೆಯ 25 ಕಾಣುತ್ತದೆ. ಆ ಸಂಖ್ಯೆಗೆ ಟೆಲಿಟೈಪ್ ಕಾಲದಲ್ಲಿ ಜೋಡಿಸಿದ್ದ ವಾಕ್ಯವನ್ನೇ ಅದು ಒಪ್ಪಿಸಿಬಿಡುತ್ತದೆ. ಯಾವ ಪದರವೂ ಸುಳ್ಳು ಹೇಳಲಿಲ್ಲ, ಆದರೂ ಬಳಕೆದಾರನ ಕೈಗೆ ಬಂದದ್ದು ಸುಳ್ಳು. ನಂತರದ ವರ್ಷಗಳಲ್ಲಿ ಆ ವಾಕ್ಯವನ್ನು ಬದಲಿಸಿದರು. ಹೊಸ ವಾಕ್ಯವೂ ತಂತ್ರಜ್ಞರಿಗೆ ಮಾತ್ರ ತಿಳಿಯುವಂಥದ್ದು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ 1982ರಲ್ಲೇ ಸಂದೇಶಗಳ ರಚನೆಯ ಕುರಿತು ಬರೆದರು. ಸಂದೇಶ ನಿರ್ದಿಷ್ಟವಾಗಿರಬೇಕು, ಓದುವವನನ್ನು ದೂಷಿಸಬಾರದು, ಮುಂದೇನು ಮಾಡಬೇಕೆಂದು ಹೇಳಬೇಕು ಎಂಬುದು ಅವರ ವಾದದ ತಿರುಳಾಗಿತ್ತು. ಈ ಮಾತಿನಲ್ಲಿ ಉದ್ಯಮ ಕೇಳಿಸಿಕೊಂಡದ್ದು ನಡುವಿನ ಭಾಗವನ್ನು ಮಾತ್ರ ಎಂದು ನನಗೆ ಅನ್ನಿಸುತ್ತದೆ. ದೂಷಣೆ ನಿಂತಿತು, ಧ್ವನಿ ಮೆತ್ತಗಾಯಿತು, 2012ರ ವಿಂಡೋಸ್ 8ರಲ್ಲಿ ನೀಲಿ ಪರದೆಯ ಮೇಲೆ ಅಳುಮೋರೆಯೂ ಬಂತು, ಆದರೆ ಮಾಹಿತಿ ಇದ್ದುದಕ್ಕಿಂತಲೂ ಕಡಿಮೆಯಾಯಿತು. 2015ರಲ್ಲಿ ವಿಂಡೋಸ್ 10 ಹಾಕಿಕೊಳ್ಳಲು ಹೊರಟ ಕೆಲವರಿಗೆ ಪೆಟ್ಟಿಗೆಯ ಶೀರ್ಷಿಕೆಯಲ್ಲೂ ಒಳಗೂ ‘ಏನೋ ಸಂಭವಿಸಿದೆ’ ಎಂಬ ಒಂದೇ ಮಾತು ಕಾಣಿಸಿತು. 80070070 ಎಂಬ ಸಂಖ್ಯೆಯನ್ನು ಹಿಡಿದು ಹುಡುಕಿದರೆ ಉತ್ತರ ಸಿಗುತ್ತದೆ, ‘ಏನೋ ಸಂಭವಿಸಿದೆ’ ಎಂಬುದನ್ನು ಹಿಡಿದು ಹೊರಟವರಿಗೆ ಯಾವ ದಾರಿಯೂ ಇಲ್ಲ. ಅದೇ ವರ್ಷ ಎಲ್ಮ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಬರೆದ ಸಾಲನ್ನೇ ಎತ್ತಿ ತೋರಿಸಿ, ತಪ್ಪು ಎಲ್ಲಿದೆ, ಬಹುಶಃ ಏನು ಬರೆಯಬೇಕಿತ್ತು ಎಂದು ಸಮಾಧಾನದಿಂದ ವಿವರಿಸುವ ಸಂದೇಶಗಳನ್ನು ತಂದಿತು. ರಸ್ಟ್ ಭಾಷೆಯೂ ಆ ಹಾದಿ ಹಿಡಿಯಿತು. ಇದು ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಾಧ್ಯವಾದದ್ದು ಮೊದಲು ದಕ್ಕಿದ್ದು ತಂತ್ರಾಂಶ ಬರೆಯುವವರಿಗೆ, ಬಳಸುವವರಿಗಲ್ಲ ಎಂಬುದೇ ಬೇಸರದ ಸಂಗತಿ.

ಅಪ್‌ಡೇಟ್‌ನ ಕಥೆಯೂ ಅದೇ ಆಪರೇಟರನ ಕೋಣೆಯಲ್ಲೇ ಶುರುವಾಗುತ್ತದೆ. ಪ್ಯಾಚ್ ಎಂದರೆ ತೇಪೆ, ಮತ್ತು ಮೊದಲಿಗೆ ಅದು ನಿಜವಾದ ತೇಪೆಯೇ ಆಗಿತ್ತು. ಪ್ರೋಗ್ರಾಮುಗಳು ತೂತು ಕೊರೆದ ಕಾಗದದ ಪಟ್ಟಿಯ ಮೇಲಿದ್ದಾಗ ತಪ್ಪಾದ ಭಾಗವನ್ನು ಕತ್ತರಿಸಿ ಸರಿಯಾದ ತುಂಡನ್ನು ಅಂಟಿಸುತ್ತಿದ್ದರು, ತಪ್ಪು ತೂತುಗಳ ಮೇಲೆ ಕಾಗದ ಮೆತ್ತುತ್ತಿದ್ದರು. ಮುಂದೆ ಐಬಿಎಂನಂಥ ಕಂಪನಿಗಳು ತಮ್ಮ ಗ್ರಾಹಕರಿಗೆ ತಾತ್ಕಾಲಿಕ ದುರಸ್ತಿಗಳನ್ನು ಟೇಪಿನಲ್ಲಿ ಕಳಿಸುತ್ತಿದ್ದವು. ಅದನ್ನು ಹಾಕಬೇಕೋ ಬೇಡವೋ, ಹಾಕುವುದಾದರೆ ಯಾವ ದಿನ, ಮೊದಲು ಎಲ್ಲಿ ಪರೀಕ್ಷಿಸಬೇಕು ಎಂಬುದನ್ನು ಗ್ರಾಹಕರ ಕಡೆಯ ಪರಿಣತನೇ ತೀರ್ಮಾನಿಸುತ್ತಿದ್ದ. ತೇಪೆ ಬಂದದ್ದು ಹರಿದ ಜಾಗಕ್ಕೆ, ಬಟ್ಟೆಯ ಬಣ್ಣ ಬದಲಿಸುವುದಕ್ಕಲ್ಲ.

ಈ ತೀರ್ಮಾನದ ಹಕ್ಕು ಬಳಕೆದಾರನ ಕೈಜಾರಿದ್ದಕ್ಕೆ ಗಟ್ಟಿಯಾದ ಕಾರಣಗಳಿದ್ದವು. ಜುಲೈ 2001ರಲ್ಲಿ ಕೋಡ್ ರೆಡ್ ಎಂಬ ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ದುಷ್ಟ ತಂತ್ರಾಂಶ, ಒಂದೇ ದಿನದಲ್ಲಿ ಸುಮಾರು 3,59,000 ಕಂಪ್ಯೂಟರ್‌ಗಳಿಗೆ ಹರಡಿತು. ಅದನ್ನು ತಡೆಯುವ ತೇಪೆ ಹಿಂದಿನ ತಿಂಗಳೇ ಬಿಡುಗಡೆಯಾಗಿತ್ತು. ಜನವರಿ 2003ರ ಸ್ಲ್ಯಾಮರ್ ಹತ್ತು ನಿಮಿಷಗಳಲ್ಲಿ ತನಗೆ ತುತ್ತಾಗಬಲ್ಲ ಯಂತ್ರಗಳ ಪೈಕಿ ಶೇ 90ರಷ್ಟನ್ನು ತಲುಪಿತು. ಅದಕ್ಕೆ ಬೇಕಾದ ತೇಪೆ ಬಂದು ಆರು ತಿಂಗಳಾಗಿತ್ತು. ಅದೇ ವರ್ಷದ ಆಗಸ್ಟ್‌ನ ಬ್ಲಾಸ್ಟರ್‌ನದೂ ಅದೇ ಕಥೆ. ಮದ್ದು ಮನೆಯಲ್ಲಿದ್ದೂ ಕುಡಿಯುವವರಿರಲಿಲ್ಲ. ಅಕ್ಟೋಬರ್ 2003ರಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ತೇಪೆಗಳ ದಿನವನ್ನಾಗಿ ಮಾಡಿತು, ಮರುವರ್ಷ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ (ತೇಪೆಗಳ ದೊಡ್ಡ ಕಟ್ಟು) ಬಂದಾಗ ಸ್ವಯಂಚಾಲಿತ ಅಪ್‌ಡೇಟನ್ನು ಚಾಲೂ ಮಾಡಿಕೊಳ್ಳುವಂತೆ ಬಳಕೆದಾರರನ್ನು ಒತ್ತಾಯಿಸತೊಡಗಿತು. 2008ರ ಕ್ರೋಮ್ ಬ್ರೌಸರ್ ಕೇಳುವ ಗೊಡವೆಯನ್ನೇ ಬಿಟ್ಟು ಸದ್ದಿಲ್ಲದೆ ತನ್ನನ್ನು ತಾನೇ ಹೊಸದು ಮಾಡಿಕೊಂಡಿತು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ದಾರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೇ 2017ರಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ದಾಳಿಗೆ ಸಿಕ್ಕಿ ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳ ಭೇಟಿಗಳನ್ನು ರದ್ದು ಮಾಡಬೇಕಾಗಿ ಬಂದಾಗಲೂ, ಅದರ ತೇಪೆ ಬಂದು ಎರಡು ತಿಂಗಳಾಗಿತ್ತು.

ಆದರೆ ಭದ್ರತೆಗೆಂದು ತೆರೆದ ಬಾಗಿಲಿನಿಂದ ಬೇರೆಯವೂ ಒಳಗೆ ಬಂದವು. ದುರಸ್ತಿಯ ಜೊತೆಗೆ ಹೊಸ ವಿನ್ಯಾಸ, ಕೇಳದ ಸೌಲಭ್ಯ, ಜಾಗ ಬದಲಿಸಿದ ಗುಂಡಿಗಳು ಒಂದೇ ಗಂಟಿನಲ್ಲಿ ಬರತೊಡಗಿದವು. 2015ರ ವಿಂಡೋಸ್ 10ರ ಹೋಮ್ ಆವೃತ್ತಿಯಲ್ಲಿ ಅಪ್‌ಡೇಟ್ ಬೇಡವೆನ್ನುವ ಆಯ್ಕೆಯೇ ಇರಲಿಲ್ಲ. 2016ರಲ್ಲಿ, ಹಳೆಯ ವಿಂಡೋಸ್ ಬಳಸುತ್ತಿದ್ದವರಿಗೆ ಬರುತ್ತಿದ್ದ ಸೂಚನಾ ಪೆಟ್ಟಿಗೆಯ ಮೂಲೆಯಲ್ಲಿದ್ದ ಕೆಂಪು ಗುರುತನ್ನು ಒತ್ತಿ ಮುಚ್ಚಿದರೂ ಗೊತ್ತುಪಡಿಸಿದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ‘ಬೇಡ’ ಎಂದು ದಶಕಗಳಿಂದ ಅರ್ಥ ಕೊಡುತ್ತಿದ್ದ ಗುರುತು ಆ ಪೆಟ್ಟಿಗೆಯಲ್ಲಿ ‘ಆಗಲಿ’ ಎಂಬ ಅರ್ಥ ಕೊಟ್ಟಿತು. ಪ್ರತಿಭಟನೆಯ ನಂತರ ಕಂಪನಿ ಅದನ್ನು ತಿದ್ದಿಕೊಂಡಿತು, ಆದರೆ ಆಗ ಕಳೆದುಹೋದ ನಂಬಿಕೆಗೆ ತೇಪೆ ಹಾಕುವುದು ಕಷ್ಟ. ಅಕ್ಟೋಬರ್ 2018ರ ದೊಡ್ಡ ಅಪ್‌ಡೇಟ್ ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪರೀಕ್ಷಾರ್ಥ ಬಳಕೆದಾರರಲ್ಲಿ ಕೆಲವರು ಬಿಡುಗಡೆಗೆ ಮೊದಲೇ ಈ ದೂರನ್ನು ಸಲ್ಲಿಸಿದ್ದರು. ಇಂಥವುಗಳನ್ನು ಅನುಭವಿಸಿದವರು ಅಪ್‌ಡೇಟನ್ನು ಮುಂದೂಡುತ್ತಾ ಹೋದರೆ ಅವರನ್ನು ಸೋಮಾರಿಗಳೆನ್ನುವುದು ನ್ಯಾಯವಲ್ಲ.

ಈ ಎರಡೂ ಕಥೆಗಳು ಒಂದೇ ಪರದೆಯ ಮೇಲೆ ಸಂಧಿಸಿದ್ದು 19 ಜುಲೈ 2024ರಂದು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಅಂದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) 4 ಗಂಟೆ 9 ನಿಮಿಷಕ್ಕೆ ಒಂದು ಪುಟ್ಟ ಮಾಹಿತಿ ಕಡತ ರವಾನೆಯಾಯಿತು. ಆ ತಂತ್ರಾಂಶದ ಒಂದು ಭಾಗ 21 ಮೌಲ್ಯಗಳನ್ನು ಎದುರುನೋಡುತ್ತಿತ್ತು, ಅದಕ್ಕೆ ಒದಗಿಸಿದ್ದು 20. ಇಲ್ಲದ 21ನೆಯದನ್ನು ಓದಲು ಹೋಗಿ ವಿಂಡೋಸ್‌ನ ಗರ್ಭದಲ್ಲೇ ಕುಸಿತವಾಯಿತು. 78 ನಿಮಿಷಗಳಲ್ಲಿ ಕಂಪನಿ ಕಡತವನ್ನು ಹಿಂತೆಗೆದುಕೊಂಡಿತಾದರೂ ಅಷ್ಟರೊಳಗೆ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಂದು ನಿಂತಿದ್ದವು, ವಿಮಾನಗಳು ಹಾರಲಿಲ್ಲ. ಹೊಸ ಆವೃತ್ತಿ ಬಂದೊಡನೆ ಹಾಕಿಕೊಳ್ಳದೆ ಒಂದು ಹೆಜ್ಜೆ ಹಿಂದೆ ಇರಲು ಎಚ್ಚರಿಕೆಯಿಂದ ಆಯ್ದುಕೊಂಡಿದ್ದ ಸಂಸ್ಥೆಗಳೂ ಪಾರಾಗಲಿಲ್ಲ. ಆ ಆಯ್ಕೆ ತಂತ್ರಾಂಶದ ಆವೃತ್ತಿಗಳಿಗೆ ಅನ್ವಯಿಸುತ್ತಿತ್ತೇ ಹೊರತು ಇಂಥ ಮಾಹಿತಿ ಕಡತಗಳಿಗಲ್ಲ.

ಆ ಯಂತ್ರಗಳಲ್ಲಿ ಬಹುಪಾಲನ್ನು ದೂರದಿಂದ ಸರಿಪಡಿಸುವಂತಿರಲಿಲ್ಲ. ಒಂದೊಂದರ ಮುಂದೆಯೂ ಯಾರಾದರೂ ಬಂದು ಕುಳಿತು, ತೀರಾ ಅಗತ್ಯವಾದ ಭಾಗಗಳಷ್ಟೇ ನಡೆಯುವ ಸೇಫ್ ಮೋಡ್‌ನಲ್ಲಿ ತೆರೆದು, 291 ಎಂಬ ಸಂಖ್ಯೆಯುಳ್ಳ ಕಡತವನ್ನು ಹುಡುಕಿ ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆಗಳಲ್ಲಿ ಅದಕ್ಕೂ ಮೊದಲು 48 ಅಂಕಿಗಳ ಕೀಲಿಯನ್ನು ಕೈಯಾರೆ ಟೈಪ್ ಮಾಡಬೇಕಿತ್ತು. ಮರೆಯಾಗಿದ್ದ ಆಪರೇಟರನನ್ನು ಆ ವಾರ ಜಗತ್ತಿನಾದ್ಯಂತ ಮತ್ತೆ ಕರೆಸಿಕೊಳ್ಳಲಾಯಿತು.

ಕ್ರೌಡ್‌ಸ್ಟ್ರೈಕ್ ಆಮೇಲೆ ಇಂಥ ಕಡತಗಳನ್ನೂ ಹಂತಹಂತವಾಗಿ ಬಿಡುವ, ಯಾವಾಗ ಪಡೆಯಬೇಕೆಂದು ಗ್ರಾಹಕರೇ ನಿರ್ಧರಿಸುವ ವ್ಯವಸ್ಥೆಯನ್ನು ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆಯಲ್ಲಿ ಹೆಚ್ಚು ಸುದ್ದಿಯಾಗದ ಒಂದು ಸಾಲಿದೆ: ತಾಂತ್ರಿಕವಾಗಿ ಸಾಧ್ಯವಿರುವ ಕಡೆ ಭದ್ರತೆಯ ಅಪ್‌ಡೇಟ್‌ಗಳನ್ನು ಹೊಸ ಸೌಲಭ್ಯಗಳ ಅಪ್‌ಡೇಟ್‌ಗಳಿಂದ ಬೇರ್ಪಡಿಸಿಯೇ ಒದಗಿಸಬೇಕು. ಕಾಯ್ದೆಯ ಮುಖ್ಯ ಹೊಣೆಗಳು ತಯಾರಕರ ಮೇಲೆ ಬೀಳುವುದು 11 ಡಿಸೆಂಬರ್ 2027ರಿಂದ.